ಒಂದು ರೂಪಾಯಿಯ ವಿಮಾನ

(ಕಳೆದ ಭಾನುವಾರ ಸಂಜೆ ಗಿರಣಿ ಕಾರ್ಮಿಕರ ವಾಚನಾಲಯದಲ್ಲಿ ಮಾಡಿದ ಭಾಷಣ)



ಇವತ್ತಿನ ಭಾಷಣದ ವಿಷಯವನ್ನು ಬೆಳಿಗ್ಗೆ ಹೊರಗಿನ ಹಲಗೆಯ ಮೇಲೆ ಬರೆಯುತ್ತಿದ್ದಾಗ, ರಾತ್ರಿ ಪಾಳಿ ಮುಗಿಸಿ ಬಂದ ಸಂಗಾತಿಯೊಬ್ಬರು ನಿಂತು ಓದಿ ನಕ್ಕರು. "ಏನು ಮೇಷ್ಟ್ರೇ, ಹೊತ್ತಿಗೆ ಸರಿಯಾಗಿ ಬಸ್ಸೇ ಸಿಕ್ಕದವರಿಗೆ ವಿಮಾನದ ಪುರಾಣ ಹೇಳುತ್ತೀರಾ?" ಎಂದರು. ಅವರ ಮಾತು ನ್ಯಾಯವಾದದ್ದೇ. ಆದರೆ ನಾನು ಹೇಳಹೊರಟಿರುವುದು ವಿಮಾನದಲ್ಲಿ ಕುಳಿತು ಹೋದವರ ಕತೆಯಲ್ಲ. ವಿಮಾನದ ಕಂಪನಿ ನಿಂತ ದಿನ ಯಾರ ಕೈಯಲ್ಲಿ ಏನು ಉಳಿಯಿತು ಎಂಬ ಲೆಕ್ಕ. ಆ ಲೆಕ್ಕ ಗಿರಣಿಗೂ ಒಂದೇ, ವಿಮಾನಕ್ಕೂ ಒಂದೇ.

ನಿಮ್ಮಲ್ಲಿ ಅನೇಕರು 2020ರಲ್ಲಿ ಬಂದ 'ಸೂರರೈ ಪೋಟ್ರು' ಎಂಬ ತಮಿಳು ಚಿತ್ರವನ್ನು ನೋಡಿದ್ದೀರಿ. ಹಳ್ಳಿಯ ಹುಡುಗನೊಬ್ಬ ಬಡವರಿಗಾಗಿ ಅಗ್ಗದ ವಿಮಾನ ಹಾರಿಸಿದ ಕತೆ. ಅದರ ಮೂಲಪುರುಷರು ತಮಿಳುನಾಡಿನವರಲ್ಲ, ನಮ್ಮ ಹಾಸನ ಜಿಲ್ಲೆಯ ಗೊರೂರಿನವರು. ಚಿತ್ರ ಗೆಲುವಿನ ಗಳಿಗೆಯಲ್ಲಿ ಮುಗಿಯುತ್ತದೆ. ಜನ ಚಪ್ಪಾಳೆ ತಟ್ಟಿ ಎದ್ದು ಬರುತ್ತಾರೆ. ಚಪ್ಪಾಳೆ ಮುಗಿದ ಮೇಲೆ ಏನಾಯಿತೆಂಬುದನ್ನು ನಾವು ತಿಳಿಯಬೇಕು.

ಶ್ರೀಸಾಮಾನ್ಯನ ಹೆಸರಿನಲ್ಲಿ

ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಮೇಷ್ಟ್ರ ಮನೆಯ ಹುಡುಗ. ಸೈನ್ಯ ಸೇರಿ 1971ರ ಯುದ್ಧ ಕಂಡು, ಆಮೇಲೆ ಕೆಲಸ ಬಿಟ್ಟು ಊರಿಗೆ ಬಂದರು. ಹೇಮಾವತಿ ಅಣೆಕಟ್ಟಿನ ನೀರಿನಲ್ಲಿ ಮನೆಯ ಜಮೀನು ಮುಳುಗಿ, ಬದಲಿಗೆ ಸಿಕ್ಕ ಬರಡು ನೆಲದಲ್ಲಿ ಬೇಸಾಯ ಮಾಡಿದರು, ರೇಷ್ಮೆ ಬೆಳೆದರು. ಮುಂದೆ ಗೆಳೆಯರೊಡನೆ ಬೆಂಗಳೂರಿನಲ್ಲಿ ಹೆಲಿಕಾಪ್ಟರ್ ಬಾಡಿಗೆಗೆ ಬಿಡುವ ಕಂಪನಿ ಕಟ್ಟಿದರು. 2003ರ ಆಗಸ್ಟ್‌ನಲ್ಲಿ ಏರ್ ಡೆಕ್ಕನ್ ಹಾರಿತು. ಅದು ಮೊದಮೊದಲು ಮುಟ್ಟಿದ ಊರುಗಳಲ್ಲಿ ನಮ್ಮ ಹುಬ್ಬಳ್ಳಿಯೂ ಒಂದು.

ಆಗಿನ ದೊಡ್ಡ ಕಂಪನಿಗಳು ದೆಹಲಿ, ಮುಂಬಯಿ, ಕಲ್ಕತ್ತೆಗಳ ನಡುವೆ ಓಡಾಡುತ್ತಿದ್ದವು. ಏರ್ ಡೆಕ್ಕನ್ ಸಣ್ಣ ವಿಮಾನಗಳನ್ನು ತಂದು ರಾಜಮಹೇಂದ್ರಿ, ವಿಜಯವಾಡ, ತೂತುಕುಡಿಯಂಥ ಊರುಗಳಿಗೆ ಹೊರಟಿತು. ಅದರ ಎ.ಟಿ.ಆರ್. ವಿಮಾನದಲ್ಲಿ 48 ಸೀಟು. ಪುಕ್ಕಟೆ ಊಟವಿಲ್ಲ, ನೀರು ಬೇಕಾದರೂ ಕಾಸು ಕೊಡಬೇಕು. ಬಸ್ಸಿನಂತೆ ಮೊದಲು ಹತ್ತಿದವರಿಗೆ ಮೊದಲ ಸೀಟು. ಟಿಕೆಟನ್ನು ಪೆಟ್ರೋಲ್ ಬಂಕಿನಲ್ಲೂ ಮಾರಿದರು. ದರ ಬೇರೆಯವರ ದರದ ಅರ್ಧದ ಆಸುಪಾಸು. 2005ರ ಹೊತ್ತಿಗೆ ಕೆಲವು ಸೀಟುಗಳನ್ನು ಒಂದು ರೂಪಾಯಿಗೆ ಮಾರಿದರು. ತೆರಿಗೆ, ಶುಲ್ಕ ಬೇರೆ. ಅಂಥ ಸೀಟು ಒಂದು ವಿಮಾನದಲ್ಲಿ ಕೆಲವೇ. ಆದರೂ ಒಂದು ರೂಪಾಯಿ ಎಂಬ ಮಾತು ದೇಶವನ್ನೆಲ್ಲ ಸುತ್ತಿತು. ಮೈಸೂರಿನವರೇ ಆದ ಆರ್. ಕೆ. ಲಕ್ಷ್ಮಣ್ ಅವರು ಬರೆದ ಚೌಕಳಿ ಕೋಟಿನ ಶ್ರೀಸಾಮಾನ್ಯನ ಚಿತ್ರವೇ ಈ ಕಂಪನಿಯ ಗುರುತು.

ಸಂಗಾತಿಗಳೇ, ಇದನ್ನು ಹಾಸ್ಯ ಮಾಡುವವನು ನಾನಲ್ಲ. ಬೆಂಗಳೂರಿನ ಆಸ್ಪತ್ರೆಗೆ ತಾಯಿಯನ್ನು ರಾತ್ರಿಯೆಲ್ಲ ಬಸ್ಸಿನಲ್ಲಿ ಕುಲುಕಿಸಿಕೊಂಡು ಹೋದವನಿಗೆ ಒಂದು ಗಂಟೆಯಲ್ಲಿ ತಲುಪುವ ಆಸೆ ತಪ್ಪಲ್ಲ. ವೇಗವಾಗಿ ಹೋಗುವ ಹಕ್ಕು ಹಣವಂತನಿಗೆ ಮಾತ್ರ ಎಂದು ಯಾವ ಸಮಾಜವಾದಿಯೂ ಹೇಳಬಾರದು. ಜನ್ಮದಲ್ಲಿ ವಿಮಾನ ಹತ್ತದ ಲಕ್ಷಾಂತರ ಮಂದಿ ಆ ಕೆಲವು ವರ್ಷಗಳಲ್ಲಿ ಹತ್ತಿದರು. ಆ ಶ್ರೇಯಸ್ಸನ್ನು ಗೋಪಿನಾಥರಿಗೆ ಕೊಡತಕ್ಕದ್ದೇ. ಜನರ ಆಸೆ ದೊಡ್ಡದು, ಆ ಮನುಷ್ಯರ ಸಾಹಸವೂ ದೊಡ್ಡದು. ನನ್ನ ಪ್ರಶ್ನೆ ಬೇರೆ. ಆ ಒಂದು ರೂಪಾಯಿಯ ಉಳಿದ ಹಣವನ್ನು ಯಾರು ಕೊಡುತ್ತಿದ್ದರು?

ಅಂಗಡಿಯ ಲೆಕ್ಕ

ವರ್ತಕ ಮಿತ್ರರನ್ನು ಕೇಳುತ್ತೇನೆ. ಕೊಂಡ ಬೆಲೆಗಿಂತ ಕಡಮೆಗೆ ಸಕ್ಕರೆ ಮಾರಿದರೆ ಅಂಗಡಿಯ ಮುಂದೆ ಸಾಲು ನಿಲ್ಲುತ್ತದೆ, ನಿಜ. ಎಷ್ಟು ದಿನ? ಕೈಯಲ್ಲಿ ಬೇರೆಯವರ ಹಣ ಇರುವಷ್ಟು ದಿನ.

ಎಣ್ಣೆಯ ಬೆಲೆ ಏರುತ್ತಿತ್ತು. 2008ರ ಜುಲೈನಲ್ಲಿ ಲೋಕದ ಪೇಟೆಯಲ್ಲಿ ಪೀಪಾಯಿಗೆ 147 ಡಾಲರ್ ಮುಟ್ಟಿತು. 2005ರ ಮೇ ತಿಂಗಳಲ್ಲಿ ಸ್ಪೈಸ್‌ಜೆಟ್ ಮತ್ತು ಕಿಂಗ್‌ಫಿಷರ್, 2006ರಲ್ಲಿ ಇಂಡಿಗೋ, ಹೀಗೆ ಹೊಸ ಹೊಸ ಕಂಪನಿಗಳು ಬಂದು ದರ ಇಳಿಸುವ ಪಂತಕ್ಕೆ ನಿಂತವು. ಏರ್ ಡೆಕ್ಕನ್ ಅರವತ್ತಕ್ಕೂ ಹೆಚ್ಚು ಊರುಗಳಿಗೆ, ನಲವತ್ತಕ್ಕೂ ಹೆಚ್ಚು ವಿಮಾನಗಳಿಗೆ ಬೆಳೆಯಿತು. ನಷ್ಟವೂ ಜೊತೆಜೊತೆಗೇ ಬೆಳೆದು ವರ್ಷಕ್ಕೆ ನೂರಾರು ಕೋಟಿಯಾಯಿತು. 2006ರಲ್ಲಿ ಷೇರು ಮಾರಿ ಹಣ ಎತ್ತಲು ಹೋದರು. ಪೇಟೆಗೆ ಬಂದ ಮೊದಲ ದಿನವೇ ಷೇರು ಬಿಡುಗಡೆ ಬೆಲೆಗಿಂತ ಕೆಳಗೆ ಬಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಬಡವನ ಮನೆಗೆ ಮಾತ್ರ ಬರೆದದ್ದಲ್ಲ.

2007ರ ಮೇ ಕೊನೆಗೆ ಬೆಂಗಳೂರಿನ ಮದ್ಯದ ದೊರೆ ವಿಜಯ ಮಲ್ಯ ಅವರ ಯು.ಬಿ. ಗುಂಪು 550 ಕೋಟಿ ರೂಪಾಯಿಗೆ ಏರ್ ಡೆಕ್ಕನ್ನಿನ ನೂರಕ್ಕೆ 26 ಪಾಲನ್ನು ಕೊಂಡಿತು. ಮುಂದೆ ಪಾಲು ಹೆಚ್ಚಿಸಿಕೊಂಡು, 2008ರಲ್ಲಿ ಕಂಪನಿಯನ್ನೇ ತನ್ನ ಕಿಂಗ್‌ಫಿಷರ್‌ನೊಡನೆ ಕೂಡಿಸಿತು.

ನಷ್ಟದಲ್ಲಿ ಮುಳುಗುವ ಕಂಪನಿಯನ್ನು ಇನ್ನೊಂದು ನಷ್ಟದ ಕಂಪನಿ ಏಕೆ ಕೊಂಡಿತು? ಒಂದು ಕಾರಣ, ದರದ ಪೈಪೋಟಿಯಲ್ಲಿ ಒಬ್ಬ ಕಡಮೆಯಾಗಲಿ ಎಂಬುದು. ಇನ್ನೊಂದು ಕಾರಣ ಸ್ವಾರಸ್ಯವಾಗಿದೆ. ಆಗಿನ ಸರ್ಕಾರಿ ನಿಯಮದಂತೆ ದೇಶದೊಳಗೆ ಐದು ವರ್ಷ ಹಾರಾಡಿದ ಕಂಪನಿಗೆ ಮಾತ್ರ ಹೊರದೇಶಕ್ಕೆ ಹಾರುವ ಅಪ್ಪಣೆ. ಕಿಂಗ್‌ಫಿಷರ್‌ಗೆ ಐದು ವರ್ಷ ತುಂಬಿರಲಿಲ್ಲ. ಏರ್ ಡೆಕ್ಕನ್ನಿಗೆ 2008ರ ಆಗಸ್ಟ್‌ನಲ್ಲಿ ತುಂಬಿತು. 2008ರ ಸೆಪ್ಟೆಂಬರ್ 3ರಂದು ಕಿಂಗ್‌ಫಿಷರ್ ಬೆಂಗಳೂರಿನಿಂದ ಲಂಡನ್ನಿಗೆ ಹಾರಿತು. ಹುಬ್ಬಳ್ಳಿ, ರಾಜಮಹೇಂದ್ರಿಗಳ ಶ್ರೀಸಾಮಾನ್ಯ ಐದು ವರ್ಷ ಕಟ್ಟಿದ ಏಣಿಯನ್ನು ಹತ್ತಿ ಲಂಡನ್ನಿನ ಪ್ರಯಾಣಿಕ ಮೇಲೆ ಹೋದ. ಆ ಆಗಸ್ಟ್‌ನಲ್ಲಿಯೇ ಡೆಕ್ಕನ್ ಎಂಬ ಹೆಸರನ್ನು ತೆಗೆದು 'ಕಿಂಗ್‌ಫಿಷರ್ ರೆಡ್' ಎಂದು ಬರೆದಿದ್ದರು. 2011ರ ಸೆಪ್ಟೆಂಬರ್‌ನಲ್ಲಿ, ಅಗ್ಗದ ವಿಮಾನ ಇನ್ನು ನಮಗೆ ಬೇಡ ಎಂದು ಮಾಲೀಕರೇ ಸಾರಿದರು. ಶ್ರೀಸಾಮಾನ್ಯನ ವಿಮಾನದ ಆಯುಷ್ಯ ಎಂಟು ವರ್ಷ.

ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ

ಕಿಂಗ್‌ಫಿಷರ್ ತಾನಾದರೂ ಉಳಿಯಿತೇ? 2005ರಲ್ಲಿ ಶುರುವಾದ ಅದು ಒಂದು ವರ್ಷವೂ ಲಾಭ ಕಾಣಲಿಲ್ಲ. ಆದರೂ ಸಾಲ ಸಿಗುತ್ತಲೇ ಇತ್ತು. 2011ರಲ್ಲಿ ಬ್ಯಾಂಕುಗಳು ತಮಗೆ ಬರಬೇಕಾದ ಸಾಲದ ಒಂದು ಭಾಗವನ್ನು ಕಂಪನಿಯ ಷೇರುಗಳಾಗಿ ಬದಲಾಯಿಸಿಕೊಂಡವು. ಪೇಟೆಯಲ್ಲಿ ಷೇರಿನ ಬೆಲೆ ಸುಮಾರು 40 ರೂಪಾಯಿ ಇದ್ದಾಗ ಬ್ಯಾಂಕುಗಳು ಒಪ್ಪಿದ ಬೆಲೆ 64 ರೂಪಾಯಿ 48 ಪೈಸೆ. ವರ್ತಕ ಮಿತ್ರರೇ, ನಿಮ್ಮಲ್ಲಿ ಯಾರಾದರೂ ಸಂತೆಯಲ್ಲಿ 40ಕ್ಕೆ ಸಿಕ್ಕುವ ಸರಕನ್ನು 64 ಕೊಟ್ಟು ತಂದಿದ್ದುಂಟೇ? ತಂದರೆ ಮನೆಯವರು ಬಾಗಿಲು ತೆಗೆಯುತ್ತಾರೆಯೇ? ಆ ಬ್ಯಾಂಕುಗಳಲ್ಲಿ ಬಹುಪಾಲು ಸರ್ಕಾರಿ ಬ್ಯಾಂಕುಗಳು. ಅವುಗಳಲ್ಲಿರುವುದು ನಿಮ್ಮ ಠೇವಣಿ. ಹತ್ತು ಸಾವಿರದ ಸಾಲಕ್ಕೆ ನಿಮ್ಮಿಂದ ಜಾಮೀನು, ಅಡಮಾನ, ಹತ್ತು ಸಹಿ ಕೇಳುವ ಬ್ಯಾಂಕುಗಳೇ ಇವು.

2012ರಲ್ಲಿ ತಿಂಗಳು ತಿಂಗಳು ಸಂಬಳ ನಿಂತಿತು. ಎಂಜಿನಿಯರುಗಳು, ಪೈಲಟ್ಟುಗಳು ಅಕ್ಟೋಬರ್‌ನಲ್ಲಿ ಕೆಲಸ ನಿಲ್ಲಿಸಿದರು. ಅಕ್ಟೋಬರ್ 20ರಂದು ಸರ್ಕಾರ ಹಾರಾಟದ ಪರವಾನಗಿಯನ್ನು ಅಮಾನತಿನಲ್ಲಿಟ್ಟಿತು. ಆಮೇಲೆ ಆ ವಿಮಾನಗಳು ಮೇಲೇಳಲಿಲ್ಲ. ಪೈಲಟ್ಟೆಂದರೆ ದೊಡ್ಡ ಸಂಬಳದವನೆಂದು ನೀವು ಹೇಳಬಹುದು. ಅವನೊಬ್ಬನೇ ಅಲ್ಲ, ಚೀಲ ಹೊರುವವನು, ಗಾಡಿ ತಳ್ಳುವವನು, ಟಿಕೆಟ್ ಕೊಡುವ ಹುಡುಗಿ, ಉಗ್ರಾಣದ ಗುಮಾಸ್ತ, ಹೀಗೆ ಸಾವಿರಾರು ಮಂದಿ. ಇನ್ನೊಂದು ಮಾತನ್ನು ಮುಖ್ಯವಾಗಿ ಗಮನಿಸಿ. ನೌಕರರ ಸಂಬಳದಿಂದ ಆದಾಯ ತೆರಿಗೆಯೆಂದು ಹಿಡಿದ ಹಣವನ್ನು ಕಂಪನಿ ಸರ್ಕಾರಕ್ಕೆ ಹೊತ್ತಿಗೆ ಸರಿಯಾಗಿ ಕಟ್ಟಿರಲಿಲ್ಲ. ಸಂಬಳದ ಚೀಟಿಯಲ್ಲಿ ಹಿಡಿದದ್ದು ಕಾಣುತ್ತದೆ. ಖಜಾನೆಯಲ್ಲಿ ಮಾತ್ರ ಕಾಣುವುದಿಲ್ಲ. ಈ ವಿದ್ಯೆ ನಮಗೆ ಹೊಸದಲ್ಲ ಎಂದು ನಿಮ್ಮ ಮುಖ ನೋಡಿದರೆ ತಿಳಿಯುತ್ತದೆ.

ಮಲ್ಯ ಅವರು ನಮ್ಮ ಶಾಸಕರ ಮತದಿಂದಲೇ 2002ರಲ್ಲಿ ಮತ್ತು 2010ರಲ್ಲಿ, ಎರಡು ಸಲ ಕರ್ನಾಟಕದಿಂದ ರಾಜ್ಯಸಭೆಗೆ ಹೋದವರು. 2016ರ ಮಾರ್ಚ್ 2ರಂದು ದೇಶ ಬಿಟ್ಟರು. ಆಗ ಬಡ್ಡಿ ಸೇರಿ 17 ಬ್ಯಾಂಕುಗಳಿಗೆ ಬರಬೇಕಾಗಿದ್ದದ್ದು ಸುಮಾರು 9,000 ಕೋಟಿ. ಆ ವರ್ಷವೇ ಕರ್ನಾಟಕ ಹೈಕೋರ್ಟು ಕಂಪನಿಯನ್ನು ಮುಚ್ಚಿ ಆಸ್ತಿ ಹಂಚಲು ಆಜ್ಞೆ ಮಾಡಿತು. ನ್ಯಾಯವಾಗಿ ಹೇಳಬೇಕಾದದ್ದನ್ನೂ ಹೇಳುತ್ತೇನೆ. ಅವರ ಆಸ್ತಿ, ಷೇರುಗಳನ್ನು ಜಪ್ತಿ ಮಾಡಿ 14,131 ಕೋಟಿ ರೂಪಾಯಿಯನ್ನು ಸರ್ಕಾರಿ ಬ್ಯಾಂಕುಗಳಿಗೆ ಮರಳಿಸಿದ್ದೇವೆಂದು 2024ರ ಡಿಸೆಂಬರ್‌ನಲ್ಲಿ ಅರ್ಥಮಂತ್ರಿಗಳು ಲೋಕಸಭೆಯಲ್ಲಿ ಹೇಳಿದರು. ಬ್ಯಾಂಕಿನ ಹಿಂದೆ ಕಾನೂನು ಇತ್ತು, ಸರ್ಕಾರ ಇತ್ತು, ವಕೀಲರಿದ್ದರು. ದುಡಿದ ಕೂಲಿಗಾಗಿ ನೌಕರರು ಮಾತ್ರ ಹತ್ತು ವರ್ಷಕ್ಕೂ ಮೀರಿ ಕೋರ್ಟು ಕಚೇರಿ ಅಲೆದರು. ಬ್ಯಾಂಕಿಗೆ ಕಾಯುವ ಶಕ್ತಿ ಇದೆ. ಮನೆಬಾಡಿಗೆ ಕಟ್ಟಬೇಕಾದವನು ಎಷ್ಟು ತಿಂಗಳು ಕಾಯಬಲ್ಲ?

ಇನ್ನೊಂದು ಡೆಕ್ಕನ್

ಇದೇ ಹೆಸರಿನ ಇನ್ನೊಂದು ಕಂಪನಿ ಏರ್ ಡೆಕ್ಕನ್ನಿಗಿಂತ ಸುಮಾರು ಅರವತ್ತು ವರ್ಷ ಮೊದಲೇ ಇತ್ತು. ಹೈದರಾಬಾದಿನ ನಿಜಾಮ್ ಸರ್ಕಾರ ಮತ್ತು ಟಾಟಾ ಕೂಡಿ 1945ರಲ್ಲಿ ಕಟ್ಟಿದ ಡೆಕ್ಕನ್ ಏರ್‌ವೇಸ್. ಬೇಗಂಪೇಟೆ ಅದರ ನೆಲೆ. ಬೀದರ, ಗುಲ್ಬರ್ಗ, ರಾಯಚೂರು ಆಗ ಆ ಸಂಸ್ಥಾನಕ್ಕೆ ಸೇರಿದ್ದವು.

ಎರಡನೆಯ ಮಹಾಯುದ್ಧ ಮುಗಿದಾಗ ಸೈನ್ಯದ ಡಕೋಟಾ ವಿಮಾನಗಳು ಅಗ್ಗಕ್ಕೆ ಸಿಕ್ಕವು. ಹಣವಿದ್ದವರೆಲ್ಲ ವಿಮಾನ ಕಂಪನಿ ತೆರೆದರು. 1950ರಲ್ಲಿ ರಾಜಾಧ್ಯಕ್ಷ ಸಮಿತಿ ವಿಚಾರಣೆ ಮಾಡಿ, ಇರುವ ಪ್ರಯಾಣಿಕರಿಗೆ ಕಂಪನಿಗಳು ಅತಿಯಾಗಿವೆ ಎಂದು ವರದಿ ಕೊಟ್ಟಿತು. 1953ರಲ್ಲಿ ಪಾರ್ಲಿಮೆಂಟು ಕಾಯಿದೆ ಮಾಡಿತು. ಆ ಆಗಸ್ಟ್ 1ರಂದು ಡೆಕ್ಕನ್ ಏರ್‌ವೇಸ್, ಭಾರತ್ ಏರ್‌ವೇಸ್, ಕಳಿಂಗ ಏರ್‌ಲೈನ್ಸ್ ಮೊದಲಾದ ಎಂಟು ಕಂಪನಿಗಳ ಹಾರಾಟವೆಲ್ಲ ಇಂಡಿಯನ್ ಏರ್‌ಲೈನ್ಸ್ ಕಾರ್ಪೊರೇಷನ್ನಿಗೆ ಸೇರಿತು. ಕಾರ್ಪೊರೇಷನ್ನಿಗೆ ಬಂದ ವಿಮಾನ 99. ಅವುಗಳಲ್ಲಿ 74 ಹಳೆಯ ಡಕೋಟಾಗಳೇ.

ಆ ಕಾಯಿದೆಯಲ್ಲಿ ಒಂದು ಕಲಮು ಇದೆ. 1952ರ ಜುಲೈ 1ಕ್ಕೆ ಮೊದಲು ಕೆಲಸಕ್ಕೆ ಸೇರಿ, ಕಂಪನಿಗಳು ಕೈಬದಲಾಗುವ ದಿನದವರೆಗೂ ಅಲ್ಲೇ ದುಡಿಯುತ್ತಿದ್ದ ನೌಕರ ತಾನಾಗಿಯೇ ಕಾರ್ಪೊರೇಷನ್ನಿನ ನೌಕರನಾಗುತ್ತಾನೆ. ಅದೇ ಸಂಬಳ, ಅದೇ ಷರತ್ತು. ಮಾಲೀಕರಿಗೆ ಪರಿಹಾರವೂ ಸಿಕ್ಕಿತು. ಡೆಕ್ಕನ್ ಎಂಬ ಹೆಸರು ಆ ಸಲವೂ ಅಳಿಸಿತು. ಆದರೆ ಕೆಲಸಗಾರ ಬೀದಿಗೆ ಬೀಳಲಿಲ್ಲ.

ಮೂರನೆಯ ಉದಾಹರಣೆ ವಾಯುದೂತ. 1981ರಲ್ಲಿ ಸರ್ಕಾರದ ಎರಡು ವಿಮಾನ ಸಂಸ್ಥೆಗಳು ಕೂಡಿ, ರಸ್ತೆ ರೈಲು ಸರಿಯಿಲ್ಲದ ಈಶಾನ್ಯದ ಗುಡ್ಡಗಾಡಿಗಾಗಿ ಮುಖ್ಯವಾಗಿ ಇದನ್ನು ಹುಟ್ಟಿಸಿದವು. ಕಾನ್ಪುರದ ನಮ್ಮ ಎಚ್.ಎ.ಎಲ್. ಕಾರ್ಖಾನೆಯಲ್ಲಿ ತಯಾರಾದ ಡಾರ್ನಿಯರ್ ವಿಮಾನಗಳು ಅದರಲ್ಲಿ ಹಾರಿದವು. ಉದ್ದೇಶ ಒಳ್ಳೆಯದು. ಆದರೆ ಹೊಸ ಹೊಸ ಊರುಗಳನ್ನು ಸೇರಿಸುತ್ತ ಹೋದರು. ನಷ್ಟ ತುಂಬುವವರು ಯಾರು ಎಂದು ನಿಶ್ಚಯಿಸಲಿಲ್ಲ. 1993ರಲ್ಲಿ ಅದನ್ನು ಇಂಡಿಯನ್ ಏರ್‌ಲೈನ್ಸಿಗೆ ಸೇರಿಸಿ, 1997ರಲ್ಲಿ ನಿಲ್ಲಿಸಿದರು. ಸರ್ಕಾರದ್ದೆಂದ ಮಾತ್ರಕ್ಕೆ ಎಲ್ಲ ಸರಿ ಎಂದು ನಾನು ಹೇಳುವುದಿಲ್ಲ. ಅಲ್ಲಿಯೂ ತಪ್ಪಾಯಿತು, ಊರುಗಳಿಗೆ ವಿಮಾನ ತಪ್ಪಿತು. ಆದರೆ ನೌಕರರನ್ನು ಉಳಿದ ಸರ್ಕಾರಿ ವಿಮಾನ ಸಂಸ್ಥೆಗಳಲ್ಲಿ ಸೇರಿಸಿಕೊಂಡರು.

ಮೂರೂ ಸಂಸ್ಥೆಗಳು ಮುಚ್ಚಿದವು. ಎರಡರಲ್ಲಿ ಕೆಲಸಗಾರನಿಗೆ ಮರುದಿನ ಹೋಗಲು ಒಂದು ಬಾಗಿಲಿತ್ತು. ಮೂರನೆಯದರಲ್ಲಿ ಇರಲಿಲ್ಲ. ಈ ವ್ಯತ್ಯಾಸವನ್ನು ಮಾಡಿದ್ದು ಕಾನೂನು. ಮಾಲೀಕರ ಒಳ್ಳೆಯತನವೂ ಅಲ್ಲ, ಕೆಟ್ಟತನವೂ ಅಲ್ಲ.

ಹಾಗಾದರೆ ಈಗ?

1953ರ ಕಾಯಿದೆಯನ್ನು 1994ರಲ್ಲಿ ತೆಗೆದುಹಾಕಿದರು. ಇಂಡಿಯನ್ ಏರ್‌ಲೈನ್ಸ್ 2007ರಲ್ಲಿ ಏರ್ ಇಂಡಿಯಾದೊಡನೆ ಕೂಡಿತು. 2022ರ ಜನವರಿಯಲ್ಲಿ ಏರ್ ಇಂಡಿಯಾ ಟಾಟಾ ಕೈಗೆ ಹೋಯಿತು. ಇಲ್ಲೊಬ್ಬ ಬಟ್ಟೆ ವ್ಯಾಪಾರಿ ಮಿತ್ರರು ಚೀಟಿ ಕಳಿಸಿದ್ದಾರೆ: "ಸರ್ಕಾರಿ ಕಂಪನಿ ನಷ್ಟದಲ್ಲಿ ಮುಳುಗಿತಲ್ಲ, ಮಾರಿದ್ದು ಸರಿಯಲ್ಲವೇ?" ಮುಳುಗಿತು, ಒಪ್ಪುತ್ತೇನೆ. ಕೈಯಲ್ಲಿ ಹಣವಿಲ್ಲದೆ ಸಾಲ ಮಾಡಿ ಒಟ್ಟಿಗೆ 111 ವಿಮಾನ ಕೊಳ್ಳಲು ಹೊರಟದ್ದನ್ನು ಸರ್ಕಾರದ ಲೆಕ್ಕಪರಿಶೋಧಕರೇ 2011ರಲ್ಲಿ ಟೀಕಿಸಿದರು. ಆದರೆ ಮಾರಿದಾಗ ಆದದ್ದೇನು? 61,000 ಕೋಟಿಗೂ ಹೆಚ್ಚಿದ್ದ ಸಾಲದಲ್ಲಿ ಟಾಟಾ ಹೊತ್ತದ್ದು 15,300 ಕೋಟಿ. ಉಳಿದ 46,000 ಕೋಟಿ ಸರ್ಕಾರದ ಲೆಕ್ಕದಲ್ಲೇ, ಎಂದರೆ ನಿಮ್ಮ ನನ್ನ ಲೆಕ್ಕದಲ್ಲೇ ಉಳಿಯಿತು. ವಿಮಾನ ಅವರಿಗೆ, ಸಾಲದ ಬಹುಪಾಲು ನಮಗೆ.

ಸಣ್ಣ ಊರುಗಳಿಗಾಗಿ ಸರ್ಕಾರ 2016ರಲ್ಲಿ 'ಉಡಾನ್' ಯೋಜನೆ ತಂದಿತು. ಖಾಸಗಿ ಕಂಪನಿ ಹಾರಿಸಬೇಕು, ನಷ್ಟಕ್ಕೆ ಸರ್ಕಾರ ಮೂರು ವರ್ಷ ಹಣ ಕೊಡಬೇಕು. 2023ರಲ್ಲಿ ಲೆಕ್ಕಪರಿಶೋಧಕರ ವರದಿ ಬಂತು. ಮೊದಲ ಮೂರು ಹಂತಗಳಲ್ಲಿ ಹಂಚಿಕೊಟ್ಟ 774 ಮಾರ್ಗಗಳಲ್ಲಿ 403 ಶುರುವೇ ಆಗಲಿಲ್ಲ. ಶುರುವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112. ಹಣ ನಿಂತ ಮೇಲೂ 2023ರ ಮಾರ್ಚ್‌ವರೆಗೆ ಬದುಕಿದ್ದು 54. ಬಳ್ಳಾರಿಯ ವಿದ್ಯಾನಗರಕ್ಕೂ ಬೀದರಕ್ಕೂ ಮೊದಲು ಈ ಯೋಜನೆಯಲ್ಲಿ ವಿಮಾನ ತಂದ ಟ್ರೂಜೆಟ್ ಕಂಪನಿ 2022ರಲ್ಲಿ ನಿಂತುಹೋಯಿತು. ಗೋಪಿನಾಥರೂ ಇದೇ ಯೋಜನೆಯಲ್ಲಿ 2017ರ ಡಿಸೆಂಬರ್‌ನಲ್ಲಿ 19 ಸೀಟಿನ ವಿಮಾನಗಳೊಡನೆ ಏರ್ ಡೆಕ್ಕನ್ ಹೆಸರನ್ನು ಮತ್ತೆ ಎಬ್ಬಿಸಿದರು. 2020ರ ಏಪ್ರಿಲ್‌ನಲ್ಲಿ ಸಾಂಕ್ರಾಮಿಕದ ಹೊತ್ತಿಗೆ ಅದೂ ನಿಂತಿತು. ನೌಕರರನ್ನು ಸಂಬಳವಿಲ್ಲದ ರಜೆಯ ಮೇಲೆ ಕಳಿಸಿದರು.

ಹಾಗಾದರೆ ನಮ್ಮ ಪಕ್ಷ ಕೇಳುವುದೇನು? ಮೂರು ಮಾತು.

ಒಂದು: ಸಣ್ಣ ಊರಿನ ವಿಮಾನವಾಗಲಿ, ರೈಲಾಗಲಿ, ಬಸ್ಸಾಗಲಿ, ಅದು ಸೇವೆ ಎಂದು ಒಪ್ಪಬೇಕು. ನಮ್ಮ ಕೆಂಪು ಬಸ್ಸು ಬೆಂಗಳೂರಿನ ದಾರಿಯಲ್ಲಿ ಸಂಪಾದಿಸಿದ್ದನ್ನು ಹಳ್ಳಿಯ ದಾರಿಯಲ್ಲಿ ಖರ್ಚು ಮಾಡುತ್ತದೆ. ಲಾಭದ ದಾರಿಯನ್ನೆಲ್ಲ ಖಾಸಗಿಯವರಿಗೆ ಕೊಟ್ಟು, ನಷ್ಟದ ದಾರಿಗೆ ಮಾತ್ರ ಜನರ ಹಣ ಸುರಿಯುವುದು ಯಾವ ನ್ಯಾಯ?

ಎರಡು: ಕಂಪನಿ ಮುಚ್ಚಿದರೆ ದುಡಿದ ಕೂಲಿ ಎಲ್ಲ ಸಾಲಕ್ಕಿಂತ ಮೊದಲು ತೀರಬೇಕು. ಪರವಾನಗಿ ಕೊಡುವಾಗಲೇ ಕೆಲವು ತಿಂಗಳ ಸಂಬಳವನ್ನು ಮಾಲೀಕ ಮುಟ್ಟಲಾಗದ ಖಾತೆಯಲ್ಲಿ ಇಡಿಸಬೇಕು.

ಮೂರು: ಸರ್ಕಾರಿ ಬ್ಯಾಂಕು ದೊಡ್ಡ ಕುಳಕ್ಕೆ ಕೊಟ್ಟ ಸಾಲ, ಬದಲಾಯಿಸಿದ ಷರತ್ತು, ಬಿಟ್ಟ ಬಡ್ಡಿ ಎಲ್ಲವೂ ಬಹಿರಂಗವಾಗಬೇಕು. ನಿಮ್ಮ ಬಾಕಿಯ ನೋಟೀಸನ್ನು ಅಂಗಡಿಯ ಬಾಗಿಲಿಗೆ ಅಂಟಿಸುವವರು ಅವರ ಬಾಕಿಯನ್ನು ಬೀರುವಿನಲ್ಲಿ ಇಡಬಾರದು.

ಬೆಳಿಗ್ಗೆ ನಕ್ಕ ಸಂಗಾತಿ ಹಿಂದಿನ ಸಾಲಿನಲ್ಲೇ ಕುಳಿತಿದ್ದಾರೆ. ಅವರಿಗೂ ನಿಮಗೆಲ್ಲರಿಗೂ ಒಂದು ಕೆಲಸ ಹೇಳಿ ಮುಗಿಸುತ್ತೇನೆ. ವಿಮಾನದ ನೌಕರರಿಗೆ ತಮ್ಮಿಂದ ಹಿಡಿದ ತೆರಿಗೆ ಕಟ್ಟಿಲ್ಲವೆಂದು ಗೊತ್ತಾದದ್ದು ಕಂಪನಿ ಮುಳುಗುವ ಹೊತ್ತಿಗೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಫಲವಿಲ್ಲ. ಬರುವ ಭಾನುವಾರ ಇದೇ ಹೊತ್ತಿಗೆ ಬರುವಾಗ ಕಳೆದ ಆರು ತಿಂಗಳ ಸಂಬಳದ ಚೀಟಿ, ಪಿ.ಎಫ್. ನಂಬರು ತನ್ನಿ. ನಾನು ಹಿಂದೆ ಮಕ್ಕಳಿಗೆ ಕೂಡುವ ಕಳೆಯುವ ಲೆಕ್ಕ ಹೇಳಿಕೊಡುತ್ತಿದ್ದವನು. ನಿಮ್ಮಿಂದ ಹಿಡಿದದ್ದೆಷ್ಟು, ಕಟ್ಟಿದ್ದೆಷ್ಟು ಎಂದು ಒಬ್ಬೊಬ್ಬರದನ್ನೇ ಕುಳಿತು ನೋಡೋಣ.